ಮಗಳ ಹೋಂವರ್ಕಿಗೆ ಕಾರ್ಪೊರೇಟರ್ ಹೆಸರು ಬೇಕಿತ್ತು, 140 ಮನೆ ಇರೋ ಅಪಾರ್ಟ್‌ಮೆಂಟಲ್ಲಿ ಒಬ್ರಿಗೂ ಗೊತ್ತಿಲ್ಲ. ನಾವ್ಯಾಕೆ ಹೀಗಾದ್ವಿ?

ಸಕಲೇಶಪುರದವಳು (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಒಂದು ವಾರದಿಂದ ಮನಸ್ಸಲ್ಲಿ ಕೊರೀತಾ ಇದೆ.

ನನ್ನ ಮಗಳು ಎಂಟನೇ ಕ್ಲಾಸು. ಹೋದ ಮಂಗಳವಾರ ಸೋಷಿಯಲ್ ಮಿಸ್ಸು ಹೋಂವರ್ಕ್ ಕೊಟ್ಟಿದ್ರು, ನಿಮ್ಮ ಎಂಪಿ ಯಾರು, ಎಮ್ಮೆಲ್ಲೆ ಯಾರು, ವಾರ್ಡ್ ನಂಬರ್ ಎಷ್ಟು, ಕಾರ್ಪೊರೇಟರ್ ಯಾರು, ಕಾರ್ಪೊರೇಟರ್ ಏನು ಕೆಲಸ ಮಾಡ್ತಾರೆ ಅಂತ ಐದು ವಾಕ್ಯ. ಮೊದಲೆರಡು ನಾನು ಒಗ್ಗರಣೆ ಹಾಕ್ತಾ ಹಾಕ್ತಾನೇ ಹೇಳ್ದೆ. ವಾರ್ಡ್ ನಂಬರ್ ಅಂದಾಗ ಸುಮ್ಮನಾದೆ. ಬೆಂಗಳೂರಿನ ಈ ಏರಿಯಾದಲ್ಲಿ ಹನ್ನೊಂದು ವರ್ಷದಿಂದ ಇದೀವಿ, ರಿಬೇಟ್ ಸಿಗುತ್ತೆ ಅಂತ ಪ್ರತಿ ವರ್ಷ ಏಪ್ರಿಲಲ್ಲೇ ಪ್ರಾಪರ್ಟಿ ಟ್ಯಾಕ್ಸ್ ಕಟ್ತೀವಿ, ಆ ರಸೀದಿ ತೆಗೆದು ನೋಡಿದ್ರೆ ಅದರಲ್ಲೊಂದು ವಾರ್ಡ್ ನಂಬರ್ ಇತ್ತು, ನೆಟ್ಟಲ್ಲಿ ಹುಡುಕಿದ್ರೆ ಇನ್ನೊಂದು ಬಂತು. ಕಾರ್ಪೊರೇಟರ್ ಹೆಸರಂತೂ ನನಗೂ ಗೊತ್ತಿಲ್ಲ, ನಮ್ಮ ಯಜಮಾನ್ರಿಗೂ ಗೊತ್ತಿಲ್ಲ.

ರಾತ್ರಿ ಒಂಬತ್ತಕ್ಕೆ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಕೇಳ್ದೆ. 140 ಮನೆ, ಗ್ರೂಪಲ್ಲಿ ಇನ್ನೂರು ಚಿಲ್ರೆ ಜನ. ಒಬ್ರು ಎಮ್ಮೆಲ್ಲೆ ಹೆಸರು ಹಾಕಿದ್ರು. ಇನ್ನೊಬ್ರು ಯಾವುದೋ ಹಳೇ ಹೆಸರು ಹಾಕಿ ಅವ್ರೇ ಡಿಲೀಟ್ ಮಾಡಿದ್ರು. ಮೂರನೆಯವರು, ಇದು ಮೇಂಟೆನೆನ್ಸ್ ಗ್ರೂಪು ಮೇಡಂ ಪಾಲಿಟಿಕ್ಸ್ ಬೇಡ ಅಂದ್ರು, ಅದಕ್ಕೆ ಏಳೆಂಟು ಜನ ಥಂಬ್ಸ್ ಅಪ್ ಒತ್ತಿದ್ರು. ನನಗೆ ನಿಜವಾಗ್ಲೂ ಹೊಟ್ಟೆಯೊಳಗೆ ಏನೋ ಆಯ್ತು, ಯಾಕಂದ್ರೆ ಇದೇ ಗ್ರೂಪಲ್ಲಿ 2024ರ ನವೆಂಬರಲ್ಲಿ ಅಮೆರಿಕಾ ಎಲೆಕ್ಷನ್ ರಿಸಲ್ಟ್ ಬಂದ ದಿನ ಬೆಳಗ್ಗೆಯಿಂದ ಪೆನ್ಸಿಲ್ವೇನಿಯಾದಲ್ಲಿ ಯಾರು ಲೀಡು ಅಂತ ಮೆಸೇಜ್ ಮೇಲೆ ಮೆಸೇಜು. ಪೆನ್ಸಿಲ್ವೇನಿಯಾ ಗೊತ್ತು, ನಮ್ಮ ವಾರ್ಡ್ ಗೊತ್ತಿಲ್ಲ.

ಮಾರನೇ ದಿನ ಬೆಳಗ್ಗೆ ಬಟ್ಟೆ ಕೊಡೋಕೆ ಗೇಟ್ ಹತ್ರ ಹೋದೆ. ಅಲ್ಲಿ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಕೊಂಡಿರೋ ತಾತ ಇದಾರೆ, ಅರವತ್ತೈದು ದಾಟಿದೆ. ಸುಮ್ಮನೆ ಕೇಳ್ದೆ. ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬ್ತಾ ಇದ್ದವ್ರು ತಲೆ ಎತ್ತದೇನೇ ಹೇಳಿದ್ರು, "ಈಗ ಯಾರೂ ಇಲ್ಲ ಕಣಮ್ಮ, ಐದು ವರ್ಷ ಆಯ್ತು. ಮೊದ್ಲು ಗಾಡಿ ಎತ್ತಿಸೋಕೆ ಬಂದ್ರೆ ಕಾರ್ಪೊರೇಟರ್ ಮನೆ ಬಾಗಿಲಿಗೆ ಹೋಗಿ ನಿಂತ್ಕೋತಿದ್ದೆ, ಬೆಳಗ್ಗೆ ಏಳಕ್ಕೆ ಹೋದ್ರೆ ಸಿಗೋರು. ಈಗ ಯಾರ ಮನೆ ಬಾಗಿಲಿಗೆ ಹೋಗ್ಲಿ ಹೇಳು."

ಮನೆಗೆ ಬಂದು ಹುಡುಕಿ ನೋಡಿದ್ರೆ ನಿಜ. 2015ರ ಆಗಸ್ಟಲ್ಲಿ ಪಾಲಿಕೆ ಎಲೆಕ್ಷನ್ ಆಗಿದ್ದು, 2020ರ ಸೆಪ್ಟೆಂಬರ್ 10ಕ್ಕೆ ಅವಧಿ ಮುಗೀತು, ಅಷ್ಟೇ, ಆಮೇಲೆ ಇಲ್ಲ. ಆಗ ನನ್ನ ಮಗಳು ಮೂರನೇ ಕ್ಲಾಸು.

ನಾನು ದಿನಾ ಪೇಪರ್ ಓದೋಳು. ಒಂದು ಎಲೆಕ್ಷನ್ನೂ ಬಿಟ್ಟವಳಲ್ಲ. ಆದ್ರೂ ನನ್ನ ಬೀದಿಗೆ ಅಂತ ಇದ್ದ ಒಬ್ಬ ಪ್ರತಿನಿಧಿ ಇಲ್ಲ ಅನ್ನೋದು ಐದು ವರ್ಷ ನನ್ನ ತಲೆಗೇ ಬಂದಿಲ್ಲ. ಪೇಪರಲ್ಲಿ ಬಂದಿರುತ್ತೆ, ಓದಿಯೂ ಇರ್ತೀನಿ, ಪುಟ ತಿರುವಿರ್ತೀನಿ. ಇದು ನಿರಾಸಕ್ತಿನಾ, ತಿಳುವಳಿಕೆ ಇಲ್ದೇ ಇರೋದಾ, ಇಲ್ಲ ಬೇರೆ ಏನಾದ್ರೂನಾ? ನಿಮ್ಮ ಕಡೆ ಹೇಗಿದೆ? ಒಂದು ಮನೆಯವ್ರು ಮಾಡೋ ಅಂಥದ್ದು ಏನಾದ್ರೂ ಇದ್ಯಾ? ದಯವಿಟ್ಟು ಪಕ್ಷದ ಜಗಳ ಬೇಡ.

ಮೂರನೇ ಅಡ್ಡರಸ್ತೆ

ಮೇಡಂ, ನಾಚಿಕೆ ಪಡ್ಬೇಡಿ. ನಿಮ್ಮ ಮಗಳ ಟೀಚರ್ ಕೊಟ್ಟ ಪ್ರಶ್ನೆಗೆ ಉತ್ತರ ಇಲ್ದಿರೋದು ನಿಮ್ಮ ತಪ್ಪಲ್ಲ, ಆದ್ರೆ ಅದು ಹೇಗಾಯ್ತು ಅನ್ನೋದು ಎಲ್ರೂ ತಿಳ್ಕೋಬೇಕು ಅಂತ ಬರೀತಿದೀನಿ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನಿಂದ ಜಾರಿಲಿದೆ. ಅದರ 243ಯು ವಿಧಿ ಪ್ರಕಾರ ನಗರಪಾಲಿಕೆ ಅವಧಿ ಐದು ವರ್ಷ, ಅದು ಮುಗಿಯೋದ್ರೊಳಗೆ ಹೊಸ ಎಲೆಕ್ಷನ್ ಆಗ್ಬೇಕು. ಬರೆದಿರೋದು ಇಷ್ಟು ಸ್ಪಷ್ಟ ಇದೆ. 2020ರ ಡಿಸೆಂಬರಲ್ಲಿ ನಮ್ಮ ಹೈಕೋರ್ಟು ಆಗಿದ್ದ 198 ವಾರ್ಡಿಗೇ ಬೇಗ ಎಲೆಕ್ಷನ್ ಮಾಡಿ ಅಂತ ಹೇಳ್ತು, ಅದೇ ತಿಂಗಳು ಸುಪ್ರೀಂ ಕೋರ್ಟಲ್ಲಿ ಸ್ಟೇ ಆಯ್ತು. ಆಮೇಲೆ ಬಿಬಿಎಂಪಿಗೆ, ಅಂದ್ರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ, ಹೊಸ ಕಾಯ್ದೆ, ವಾರ್ಡ್ 243 ಮಾಡಿದ್ರು 2022ರಲ್ಲಿ, ಸರ್ಕಾರ ಬದಲಾಯ್ತು, 2023ರಲ್ಲಿ 225 ಮಾಡಿದ್ರು, ಈಗ 2025ರ ಮೇ 15ರಿಂದ ಗ್ರೇಟರ್ ಬೆಂಗಳೂರು ಕಾಯ್ದೆ ಜಾರಿ, ಸೆಪ್ಟೆಂಬರಿಂದ ಬಿಬಿಎಂಪಿ ಅನ್ನೋದೇ ಇಲ್ಲ, ಕೇಂದ್ರ ಪೂರ್ವ ಪಶ್ಚಿಮ ಉತ್ತರ ದಕ್ಷಿಣ ಅಂತ ಐದು ಪಾಲಿಕೆ, ಎಲ್ಲಾ ಸೇರಿ 360ಕ್ಕೂ ಜಾಸ್ತಿ ವಾರ್ಡು. ಒಂದೇ ಒಂದು ವೋಟ್ ಬೀಳದೇನೇ ನಿಮ್ಮ ಮನೆ ವಾರ್ಡಿನ ಗಡಿ ಮೂರು ಸಲ ಬದಲಾಗಿದೆ. ನಿಮ್ಮ ರಸೀದಿಲಿ ಒಂದು ನಂಬರ್, ನೆಟ್ಟಲ್ಲಿ ಒಂದು ನಂಬರ್ ಬಂದಿದ್ದು ಅದಕ್ಕೇ. ಬಿಜೆಪಿ ಇದ್ದಾಗಲೂ ಮುಂದೆ ಹೋಯ್ತು, ಕಾಂಗ್ರೆಸ್ ಬಂದ್ಮೇಲೂ ಹೋಯ್ತು, ಹಾಗಾಗಿ ಪಕ್ಷದ ಜಗಳಕ್ಕೆ ಇಲ್ಲಿ ಜಾಗನೇ ಇಲ್ಲ. ಇದು ಮೊದಲನೇ ಸಲಾನೂ ಅಲ್ಲ, 2006ರ ಕೊನೆಯಿಂದ 2010ರ ಮಾರ್ಚ್ ಎಲೆಕ್ಷನ್ ತನಕವೂ ಚುನಾಯಿತ ಕೌನ್ಸಿಲ್ ಇರ್ಲಿಲ್ಲ, ಆಗಲೂ ಊರು ಗಲಾಟೆ ಮಾಡ್ಲಿಲ್ಲ.

2025-26ಕ್ಕೆ ಬಿಬಿಎಂಪಿ ಬಜೆಟ್ 19 ಸಾವಿರ ಕೋಟಿಗೂ ಮೇಲಿತ್ತು. ಅಷ್ಟು ದುಡ್ಡಿನ ಲೆಕ್ಕಕ್ಕೆ, ಇದು ಯಾಕೆ ಇಲ್ಲಿಗೆ, ಯಾಕೆ ನಮ್ಮ ರಸ್ತೆಗಿಲ್ಲ ಅಂತ ಕೇಳೋಕೆ ಒಬ್ಬ ಚುನಾಯಿತ ಸದಸ್ಯನೂ ಒಳಗೆ ಕೂತಿರ್ಲಿಲ್ಲ. ಇದು ನನ್ನನ್ನ ರಾತ್ರಿ ನಿದ್ದೆ ಕೆಡಿಸೋ ವಿಷಯ.

ನಾನು 2019ರಿಂದ ವಾರ್ಡ್ ಕಮಿಟಿ ಮೀಟಿಂಗಿಗೆ ಹೋಗ್ತಿದ್ದೆ. ನಮ್ಮ ವಾರ್ಡಲ್ಲಿ ಸುಮಾರು ನಲವತ್ತು ಸಾವಿರ ಜನ, ಮೀಟಿಂಗಿಗೆ ಬರ್ತಿದ್ದಿದ್ದು ಹನ್ನೊಂದು, ಹನ್ನೆರಡು, ಒಂದು ಸಲ ಮಳೆ ಬಂದಾಗ ಐದು. ಆದ್ರೆ ಆ ಹನ್ನೊಂದು ಜನಕ್ಕೇ ಎಷ್ಟು ಬಲ ಇತ್ತು ಅಂದ್ರೆ ನೀವು ನಂಬಲ್ಲ. ನಮ್ಮ ಬೀದಿ ಮೋರಿ ಮೇಲಿನ ಚಪ್ಪಡಿ ಮುರಿದು ಒಬ್ರು ಅಜ್ಜಿ ಕಾಲು ಸಿಕ್ಕಿಹಾಕ್ಕೊಂಡಿತ್ತು. ಮೀಟಿಂಗಲ್ಲಿ ಆ ಫೋಟೋ ಇಟ್ಟು, ಎಷ್ಟು ಅಡಿ, ಎಷ್ಟು ಚಪ್ಪಡಿ ಅಂತ ನಾವೇ ಟೇಪ್ ಹಿಡಿದು ಅಳೆದ ಲೆಕ್ಕ ಕೊಟ್ವಿ, ಕಾರ್ಪೊರೇಟರ್ ಅಲ್ಲೇ ಕೂತಿದ್ರು, ಇಂಜಿನಿಯರ್ ಅಲ್ಲೇ ಕೂತಿದ್ರು, ನಡಾವಳಿ ಪುಸ್ತಕದಲ್ಲಿ ಬರೆಸಿದ್ವಿ, ಮೂರು ವಾರಕ್ಕೆ 22 ಚಪ್ಪಡಿ ಬಂತು. 2020 ಆದ್ಮೇಲೆ ಕಾರ್ಪೊರೇಟರ್ ಕುರ್ಚಿಲಿ ನೋಡಲ್ ಆಫೀಸರ್ ಅಂತ ಒಬ್ಬ ಅಧಿಕಾರಿ. ಅವ್ರು ಕೆಟ್ಟವರಲ್ಲ, ಪಾಪ ಮೂರು ಚಾರ್ಜ್ ಇತ್ತು ಅವ್ರಿಗೆ. ಏನು ಕೇಳಿದ್ರೂ ಮೇಲೆ ಕಳಿಸ್ತೀನಿ ಅಂತಿದ್ರು. ಮೇಲೆ ಅಂದ್ರೆ ಯಾರು ಅಂತ ಕೇಳಿದ್ರೆ ಅವ್ರಿಗೇ ಗೊತ್ತಿರ್ಲಿಲ್ಲ. ಹನ್ನೊಂದು ಇದ್ದವ್ರು ಏಳಾದ್ವಿ, ನಾಲ್ಕಾದ್ವಿ, ಒಂದು ತಿಂಗಳು ನಾನೊಬ್ನೇ ಹೋಗಿ ಬೀಗ ಹಾಕಿದ ಬಾಗಿಲು ನೋಡ್ಕೊಂಡು ವಾಪಸ್ ಬಂದೆ.

ಅದಕ್ಕೇ ಹೇಳ್ತೀನಿ, ಜನಕ್ಕೆ ಕಾಳಜಿ ಇಲ್ಲ ಅಂತ ಸುಲಭಕ್ಕೆ ಹೇಳ್ಬೇಡಿ. ಕೇಳಿ ಕೇಳಿ ಉತ್ತರ ಸಿಗದೇ ಇದ್ರೆ ಕೇಳೋ ಅಭ್ಯಾಸನೇ ತಪ್ಪಿ ಹೋಗುತ್ತೆ.

ಬೆಳಗ್ಗೆ_ಶಿಫ್ಟ್

ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ. ನನಗೆ 27. ನ್ಯೂಸ್ ನೋಡೋದು ಬಿಟ್ಟು ಮೂರು ವರ್ಷ ಆಯ್ತು ಮತ್ತು ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ನಮ್ಮನೇಲಿ ಅಪ್ಪ ಸಂಜೆ ಏಳರಿಂದ ಹತ್ತರ ತನಕ ಟಿವಿ ಡಿಬೇಟ್ ಹಾಕ್ಕೊಂಡು ಕೂರ್ತಾರೆ, ಎಂಟು ಜನ ಒಂದೇ ಸಲ ಕಿರುಚ್ತಾರೆ. ಅದೇ ವಿಷಯಕ್ಕೆ ಊಟಕ್ಕೆ ಕೂತಾಗ ಅಪ್ಪಂಗೂ ಚಿಕ್ಕಪ್ಪಂಗೂ ಮಾತಿಗೆ ಮಾತು ಬೆಳೆದು 2023ರ ಎಲೆಕ್ಷನ್ ಆದ್ಮೇಲೆ ಚಿಕ್ಕಪ್ಪ ನಮ್ಮನೆಗೆ ಬರೋದೇ ಬಿಟ್ಬಿಟ್ರು, ಯುಗಾದಿಗೂ ಬರ್ಲಿಲ್ಲ. ನಾನು ಚಿಕ್ಕಪ್ಪನ ತೊಡೆ ಮೇಲೆ ಬೆಳೆದವ್ನು. ಹಂಗಾಗಿ ಪಾಲಿಟಿಕ್ಸ್ ಅಂದ್ರೆ ನನಗೆ ಮನೆ ಒಡೆಯೋ ಸಂಗತಿ ಥರ ಕಾಣುತ್ತೆ. ಮೇಡಂ ಗ್ರೂಪಲ್ಲಿ ಪಾಲಿಟಿಕ್ಸ್ ಬೇಡ ಅಂದವ್ರೂ ಬಹುಶಃ ಇದೇ ಭಯಕ್ಕೆ ಹೇಳಿರ್ತಾರೆ, ಅವ್ರನ್ನ ತಪ್ಪು ತಿಳ್ಕೋಬೇಡಿ.

ಆದ್ರೆ ಮೇಲಿನವರ ಚಪ್ಪಡಿ ಕಥೆ ಓದಿದ ಮೇಲೆ ಒಂದು ವಿಷಯ ಹೊಳೀತು. ಟಿವಿಲಿ ಮೂರು ಗಂಟೆ ನೋಡೋ ಅಪ್ಪಂಗೂ, ಏನೂ ನೋಡದ ನನಗೂ, ನಮ್ಮನೆ ನೀರಿನ ವಾಲ್ವ್ ಯಾವ ದಿನ ಯಾಕೆ ತೆಗೆಯಲ್ಲ, ಅದನ್ನ ಯಾರನ್ನ ಕೇಳ್ಬೇಕು ಅನ್ನೋದು ಸಮ ಗೊತ್ತಿಲ್ಲ. ಸ್ಕೂಲಲ್ಲಿ ರಾಷ್ಟ್ರಪತಿ ಅಧಿಕಾರಗಳು ಬಾಯಿಪಾಠ ಮಾಡಿದ್ದೆ, ಪೂರ್ತಿ ಮಾರ್ಕ್ಸ್ ಬಂದಿತ್ತು. ನೀರು ಜಲಮಂಡಳಿ, ಕರೆಂಟು ಬೆಸ್ಕಾಂ, ಕಸ ಪಾಲಿಕೆ ಅನ್ನೋದನ್ನ ಯಾರೂ ಹೇಳ್ಕೊಡ್ಲಿಲ್ಲ.

ಮೂರನೇ ಅಡ್ಡರಸ್ತೆ

@ಬೆಳಗ್ಗೆ_ಶಿಫ್ಟ್ ನೀವು ಹೇಳಿದ್ದು ಒಪ್ತೀನಿ ತಮ್ಮ. ಚಪ್ಪಡಿ ಅಳೆಯೋಕೆ ಬಂದಿದ್ದ ಹನ್ನೊಂದು ಜನದಲ್ಲಿ ಯಾರು ಯಾವ ಪಕ್ಷ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಟೇಪಿನ ಒಂದು ತುದಿ ಹಿಡ್ಕೊಂಡಿದ್ದವ್ರ ಹೆಸರು ಮಾತ್ರ ಗೊತ್ತು. ಚಿಕ್ಕಪ್ಪಂಗೆ ಒಂದು ಫೋನ್ ಮಾಡಿ.

ಪಾಂಡವಪುರದ ಕಡೆಯೋನು

ಅಕ್ಕ, ನಮ್ಮ ಮಂಡ್ಯ ಜಿಲ್ಲೇಲಿ ವೋಟು ಹಾಕೋದ್ರಲ್ಲಿ ಯಾರೂ ಹಿಂದೆ ಇಲ್ಲ ಕಣಕ್ಕ. 2024ರ ಎಂಪಿ ಎಲೆಕ್ಷನಲ್ಲಿ ಬೆಂಗಳೂರಿನ ಮೂರು ಸೀಟಲ್ಲಿ 53-54 ಪರ್ಸೆಂಟು, ನಮ್ಮ ಮಂಡ್ಯದಲ್ಲಿ 80 ದಾಟ್ತು. ಪೇಪರ್ನೋರು ನಮ್ಮನ್ನ ಜಾಗೃತ ಮತದಾರರು ಅಂತ ಬರೆದ್ರು. ಓದಕ್ಕೆ ಖುಷಿ ಆಯ್ತದೆ. ಆದ್ರೆ ವೋಟು ಹಾಕಿದ ಮಾರನೇ ದಿನದಿಂದ ಏನು ನಡೀತದೆ ಅಂತ ಯೋಳ್ತೀನಿ ಕೇಳಿ.

ಕಾಯ್ದೆ ಪ್ರಕಾರ ಆರು ತಿಂಗಳಿಗೊಂದು ಸಲನಾದ್ರೂ ಗ್ರಾಮಸಭೆ ಆಗ್ಬೇಕು. ಊರಲ್ಲಿ ಯಾವ ಕೆಲಸ ಮಾಡ್ಬೇಕು, ಮನೆ ಯಾರಿಗೆ ಕೊಡ್ಬೇಕು, ಎಲ್ಲ ಅಲ್ಲಿ ಜನರ ಮುಂದೆ ತೀರ್ಮಾನ ಆಗ್ಬೇಕು. ನಮ್ಮೂರ ಹಾಲಿನ ಡೈರಿಗೆ ಬೆಳಗ್ಗೆ ಆರೂವರೆಗೆ ಎಲ್ರೂ ಕ್ಯಾನ್ ಹಿಡ್ಕೊಂಡು ಬತ್ತಾರೆ. ಒಂದಿನ ಫ್ಯಾಟ್ ನೋಡೋ ಮಿಷನ್ ಪಕ್ಕದಲ್ಲಿ ಒಂದು ಉದ್ದದ ಪುಸ್ತಕ ಇಟ್ಟವ್ರೆ. ಹಾಲು ಅಳೆಸ್ಕೊಂಡೋರು ಡೈರಿ ಬುಕ್ಕಿಗೆ ಒಂದು ಸೈನು, ಆ ಪುಸ್ತಕಕ್ಕೆ ಒಂದು ಸೈನು. ನಮ್ಮವ್ವನೂ ಹೆಬ್ಬೆಟ್ಟು ಒತ್ತವ್ರೆ. ನಾನು ಪುಸ್ತಕ ತಿರುಗ್ಸಿ ನೋಡ್ತೀನಿ, ಗ್ರಾಮಸಭೆ ಹಾಜರಾತಿ ಅಂತ ಬರೆದದೆ. ಸಭೆ ಹಿಂದಿನ ದಿನ ಆಗೋಗಿತ್ತು, ಸ್ಕೂಲ್ ಜಗಲಿ ಮೇಲೆ ಹತ್ತು ನಿಮಿಷ, ಇದ್ದೋರು ಹನ್ನೆರಡು ಜನ. ಮಿಕ್ಕ ಸೈನು ಹಾಲಿನ ಡೈರಿಲಿ. ನಾನು ಕೇಳಿದ್ದಕ್ಕೆ ಪಕ್ಕದಲ್ಲಿದ್ದ ಮಾವನೋರೇ ನನಗೆ ಬೈದ್ರು, ಸುಮ್ನೆ ಸೈನಾಕೋ, ಹೊತ್ತಾಯ್ತದೆ ಅಂತ. ಆ ಪಟ್ಟೀಲಿ ನಮ್ಮ ಬೀದಿ ಚರಂಡಿ ಇರ್ಲಿಲ್ಲ. ಒಂದು ವರ್ಷ ಸೊಳ್ಳೆ ಕಚ್ಚಿಸ್ಕೊಂಡ್ವಿ.

ಇನ್ನೊಂದು ಯೋಳ್ತೀನಿ. ನೀವು ಕಾರ್ಪೊರೇಟರ್ ಇಲ್ಲ ಅಂತೀರಾ, ನಮಗೆ ತಾಲೂಕು ಪಂಚಾಯ್ತಿ ಜಿಲ್ಲಾ ಪಂಚಾಯ್ತಿ ಮೆಂಬ್ರೇ ಇಲ್ಲ. 2016ರ ಫೆಬ್ರವರೀಲಿ ಎಲೆಕ್ಷನ್ ಆಗಿದ್ದು, 2021ಕ್ಕೆ ಅವಧಿ ಮುಗೀತು, ಇನ್ನೂ ಆಗಿಲ್ಲ. ಇದು ಬರೀ ಮಂಡ್ಯದ್ದಲ್ಲ, ಇಡೀ ರಾಜ್ಯದ್ದು. ನಮ್ಮ ತಾತ 1987ರ ಎಲೆಕ್ಷನ್ ವಿಷಯ ಯೋಳ್ತಿದ್ರು, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ನಜೀರ್ ಸಾಬ್ರು ಮಂತ್ರಿ. ಊರೂರಿಗೆ ಬೋರ್ವೆಲ್ ಹಾಕ್ಸಿದ್ದಕ್ಕೆ ಜನ ಅವ್ರನ್ನ ನೀರ್ ಸಾಬ್ ಅಂತಲೇ ಕರೀತಿದ್ರು. ಆಗ ಜಿಲ್ಲಾ ಪರಿಷತ್ ಅಧ್ಯಕ್ಷಂಗೆ ರಾಜ್ಯ ಸಚಿವರ ದರ್ಜೆ, ಮಂಡಲ ಪಂಚಾಯ್ತಿ, ಹೆಣ್ಣುಮಕ್ಕಳಿಗೆ ನೂರಕ್ಕೆ ಇಪ್ಪತ್ತೈದು ಸೀಟು. ದೇಶದಲ್ಲಿ ಪಂಚಾಯ್ತಿಗಳ 73ನೇ ತಿದ್ದುಪಡಿ ಬರೋಕೂ ಮುಂಚೆ ನಮ್ಮ ರಾಜ್ಯದಲ್ಲಿ ಇದು ನಡೆದಿತ್ತು. ತಾತ ಮಂಡಲ ಪಂಚಾಯ್ತಿ ಸಭೆಗೆ ಪಂಚೆ ಒಗ್ಸಿ ಇಟ್ಕೊಂಡಿರ್ತಿದ್ರಂತೆ. ಅಂಥಾ ನಾಡಲ್ಲಿ ಈಗ ಜಿಲ್ಲಾ ಪಂಚಾಯ್ತಿ ಅವಧಿ ಮುಗಿದು ಎಲೆಕ್ಷನ್ ಆಗ್ದೆ ನಾಲ್ಕು ವರ್ಷ ಮೇಲಾಯ್ತು ಅಂದ್ರೆ ಅರಳಿಕಟ್ಟೆ ಮೇಲೆ ಒಬ್ರೂ ಆ ಮಾತು ತೆಗೆಯಲ್ಲ. ಎಮ್ಮೆಲ್ಲೆ ಯಾವ ಪಕ್ಷಕ್ಕೆ ಹೋಯ್ತಾರೆ ಅನ್ನೋದು ಮಾತ್ರ ರಾತ್ರಿ ಹನ್ನೊಂದರ ತನಕ.

ನನ್ನ ಮಾತು ಇಷ್ಟೇ ಅಕ್ಕ, ವೋಟಿಂಗ್ ಪರ್ಸೆಂಟು ನೋಡಿ ಜನ ಎಚ್ಚರ ಅವ್ರೆ ಅನ್ಕೋಬೇಡಿ. ಮದುವೆಗೆ ಬಂದು ಊಟ ಮಾಡ್ಕೊಂಡು ಹೋದ್ಹಂಗೆ ವೋಟು ಹಾಕ್ತೀವಿ, ಸಂಸಾರ ಹೆಂಗೆ ನಡೀತಿದೆ ಅಂತ ಯಾರೂ ತಿರುಗಿ ನೋಡಲ್ಲ.

ಯಾದಗಿರಿ ಹುಡುಗ

ಎಲ್ಲರಿಗೂ ನಮಸ್ಕಾರ್ರಿ. ನಾ ಬೆಂಗಳೂರದಾಗ ಎಂಟು ವರ್ಷದಿಂದ ಅದೀನಿ, ಮೊದಲ ಸೆಂಟ್ರಿಂಗ್ ಕೆಲಸ, ಈಗ ಗಾಡಿ ಮ್ಯಾಲ ಡೆಲಿವರಿ ಮಾಡ್ತೀನಿ. ಒಂದ ಮಾತ ಹೇಳಬೇಕನಸ್ತು.

ಬೆಂಗಳೂರಿನ ಜನ ವೋಟ ಹಾಕಂಗಿಲ್ಲ, ಆಸಕ್ತಿ ಇಲ್ಲ ಅಂತ ಪೇಪರದಾಗ ಬರೀತಾರ. ನಮ್ಮಂಥವರ ಸುದ್ದಿ ಅದರಾಗ ಎಲ್ಲಿ ಬರ್ತದ? ನನ್ನ ವೋಟು ಊರಾಗ ಅದ. ನಮ್ಮ ಓಣಿದಿಂದ ಇಲ್ಲಿ ಮೂವತ್ತು ಮಂದಿ ಒಂದೇ ಶೆಡ್ ಲೈನಿನಾಗ ಅದೀವಿ, ಎಲ್ಲಾರ ವೋಟೂ ಊರಾಗ. 2023ರಾಗ ಎಮ್ಮೆಲ್ಲೆ ಎಲೆಕ್ಷನ್ನಿಗೆ ಹೋಗಿದ್ವಿ. ರಾತ್ರಿ ಬಸ್ಸು, ಸೀಟ್ ಇಲ್ಲ, ಒಳಗ ನಿಂತ್ಕೊಂಡು ಹೋಗೋದು. ಹೋಗಿ ಬರೋದು ಅಂದ್ರ ಎರಡು ದಿನದ ದುಡಿಮಿ ಹೋಯ್ತು, ಬಸ್ ಚಾರ್ಜ್ ಬ್ಯಾರೆ. 2024ರಾಗ ನನಗ ಹೋಗಲಿಕ್ಕೆ ಆಗಲಿಲ್ಲ, ಅವ್ವಗ ಆರಾಮಿರಲಿಲ್ಲ, ಔಷಧಕ್ಕ ರೊಕ್ಕ ಕಳಸಬೇಕಿತ್ತು, ಬಸ್ಸಿಗೆ ಹಾಕೋದೋ ಔಷಧಕ್ಕ ಹಾಕೋದೋ ಅನ್ನೋ ಪ್ರಶ್ನಿ. ಔಷಧಕ್ಕ ಹಾಕಿದೆ. ಅವತ್ತ ಇಡೀ ದಿನ ಮನಸ್ಸಿನಾಗ ಒಂಥರಾ ಆಗಿತ್ತು, ಬೆರಳು ನೋಡ್ಕೋತಿದ್ದೆ.

ವೋಟಿನ ದಿನ ಎಲ್ಲಾರಿಗೂ ಪಗಾರ ಸಹಿತ ರಜಾ ಕೊಡಬೇಕು ಅಂತ ಕಾಯ್ದೆ ಅದ ಅಂತ ನಮ್ಮ ರೂಮಿನಾಗ ಒಬ್ಬಾಂವ ಹೇಳ್ದ. ಇದ್ರ ಇರಲಿ. ನಮಗ ರಜಾ ಕೊಡಾವ ಯಾರು? ಆರ್ಡರ್ ಎತ್ತಿದ್ರ ರೊಕ್ಕ, ಇಲ್ಲಂದ್ರ ಇಲ್ಲ.

ಮತ್ತ ನಾ ಇರೋದು ಇಲ್ಲಿ. ಈ ಊರಿನ ತೆಗ್ಗು ದಿನಾ ನನ್ನ ಬೆನ್ನಿಗೆ ಗೊತ್ತು. ಯಾವ ರೋಡಿನಾಗ ಲೈಟ್ ಇಲ್ಲ, ಯಾವ ಮೋರಿ ಮಳಿಗೆ ಉಕ್ಕತದ, ನನ್ನ ಕೇಳ್ರಿ, ಕಣ್ಣು ಮುಚ್ಚಿ ಹೇಳ್ತೀನಿ. ಇಲ್ಲಿಯ ವಿಚಾರ ನಮಗ ಗೊತ್ತಿಲ್ಲಂತಲ್ಲ, ಇಲ್ಲಿ ನಮ್ಮ ಹೆಸರು ಯಾವ ಪುಸ್ತಕದಾಗೂ ಇಲ್ಲ. ಅದಕ್ಕ ಯಾರೂ ನಮ್ಮ ಶೆಡ್ಡಿಗೆ ಬರಂಗಿಲ್ಲ. ಮೇಡಮ್ಮಾರೆ, ನಿಮ್ಮ ಇಸ್ತ್ರಿ ತಾತಗ ಗೊತ್ತಿದ್ದದ್ದು ನಿಮ್ಮ ಅಪಾರ್ಟ್‌ಮೆಂಟಿನವರಿಗೆ ಯಾಕ ಗೊತ್ತಿರಲಿಲ್ಲ ಅಂದ್ರ, ತಾತಗ ಅದು ಹೊಟ್ಟಿ ಪ್ರಶ್ನಿ. ನಿಮಗ ನೀರು ಬರಲಿಲ್ಲಂದ್ರ ಟ್ಯಾಂಕರ್ ತರಸ್ತೀರಿ, ಕರೆಂಟ್ ಹೋದ್ರ ಜನರೇಟರ್ ಅದ. ನಾ ಸಿಟ್ಟಿಲೆ ಹೇಳವಲ್ಲೆ, ದಿನಾ ನಿಮ್ಮಂಥವರ ಗೇಟಿಗೆ ಬರ್ತೀನಿ, ಕಣ್ಣಾರೆ ನೋಡಿದ್ದು ಹೇಳಾಕತ್ತೀನಿ.

ನಿವೃತ್ತ ಮೇಷ್ಟ್ರು

ನಾನು ಸರ್ಕಾರಿ ಶಾಲೆಲಿ ಮೂವತ್ತೊಂದು ವರ್ಷ ಪಾಠ ಮಾಡಿದವ್ನು, ಅದರಲ್ಲಿ ಒಂಬತ್ತು ವರ್ಷ ಬಿಎಲ್‌ಒ ಕೆಲಸನೂ ಮಾಡಿದೀನಿ, ಅಂದ್ರೆ ಮತದಾರರ ಪಟ್ಟಿ ಹಿಡ್ಕೊಂಡು ಮನೆ ಮನೆ ತಿರುಗೋ ಕೆಲಸ. ಯಾದಗಿರಿ ತಮ್ಮ ಬರೆದಿದ್ದು ಓದಿ ಸುಮ್ಮನಿರೋಕೆ ಆಗ್ಲಿಲ್ಲ.

ಮೊದಲು ತಮ್ಮನಿಗೆ. ನಿಮ್ಮ ರೂಮಿನವರು ಹೇಳಿದ್ದು ಸರಿ, ಜನಪ್ರತಿನಿಧಿ ಕಾಯ್ದೆ 1951ರ 135ಬಿ ಸೆಕ್ಷನ್, ದಿನಗೂಲಿಯವರಿಗೂ ಅನ್ವಯ ಆಗುತ್ತೆ. ನೀವು ಬೆಂಗಳೂರಲ್ಲೇ ವಾಸ ಇರೋದ್ರಿಂದ ಇಲ್ಲೇ ಹೆಸರು ಸೇರಿಸ್ಬಹುದು, ಸ್ವಂತ ಮನೆ ಇರ್ಬೇಕು ಅಂತ ಎಲ್ಲೂ ಇಲ್ಲ, ಶೆಡ್ಡಲ್ಲಿ ಇದ್ರೂ ಆಗುತ್ತೆ, ವಿಳಾಸದ ದಾಖಲೆ ಇಲ್ದಿದ್ರೆ ಬಿಎಲ್‌ಒ ಸ್ಥಳಕ್ಕೆ ಬಂದು ನೋಡ್ಬೇಕು. ಊರಿಂದ ಇಲ್ಲಿಗೆ ಬದಲಾಯಿಸೋಕೆ ಫಾರಂ 8. ಹೊಸಬರಿಗೆ ಫಾರಂ 6. ಎರಡು ಕಡೆ ಹೆಸರು ಇಟ್ಕೋಬಾರ್ದು, ಅದು ಅಪರಾಧ. ಊರಿನ ವೋಟು ಬಿಡೋಕೆ ಮನಸ್ಸು ಬರಲ್ಲ ಅಂತ ನನಗೆ ಗೊತ್ತು, ಎಷ್ಟೋ ಜನ ನನ್ನ ಹತ್ರ ಹೇಳಿದಾರೆ, ಊರಲ್ಲಿ ಹೆಸರು ಹೋದ್ರೆ ಊರೇ ಹೋದಂಗೆ ಸಾರ್ ಅಂತ. ಅದು ನೀವೇ ಯೋಚಿಸಿ ಮಾಡ್ಬೇಕಾದ ತೀರ್ಮಾನ. 1950ಕ್ಕೆ ಫೋನ್ ಮಾಡಿದ್ರೆ ಮಾಹಿತಿ ಸಿಗುತ್ತೆ.

ಈಗ ಬೆಂಗಳೂರಿನ 53-54 ಪರ್ಸೆಂಟ್ ವಿಷಯ. ನನ್ನ ಬೂತಿನ ಪಟ್ಟಿಲಿ ಸುಮಾರು ಸಾವಿರದ ನೂರು ಹೆಸರು. ಒಂದು ವರ್ಷ ನಾನು ಹಟ ಹಿಡಿದು ಒಂದೂ ಬಿಡದೇ ಬಾಗಿಲು ತಟ್ಟಿದೆ. ಇನ್ನೂರಕ್ಕೂ ಹೆಚ್ಚು ಹೆಸರಿಗೆ ಆ ಮನೇಲಿ ಜನನೇ ಇಲ್ಲ. ಖಾಲಿ ಮಾಡ್ಕೊಂಡು ಹೋಗಿದಾರೆ, ತೀರಿಕೊಂಡಿದಾರೆ, ಮದುವೆ ಆಗಿ ಹೋದ ಹೆಣ್ಣುಮಗಳ ಹೆಸರು ತವರುಮನೇಲೂ ಇದೆ ಗಂಡನ ಮನೇಲೂ ಇದೆ. ಒಂದು ಮನೇಲಿ ತಾಯಿ ಬಾಗಿಲು ತೆಗೆದ್ರು, ನಾನು ಪಟ್ಟಿ ಓದ್ತಾ ಅವ್ರ ಮಗನ ಹೆಸರು ಓದ್ದೆ. ಹೋಗಿ ಎರಡು ವರ್ಷ ಆಯ್ತಪ್ಪ ಅಂದ್ರು. ನಾನು ಹೆಸರು ತೆಗೆಸೋ ಫಾರಂ 7 ತೆಗೆದು ಕೈಲಿ ಹಿಡ್ಕೊಂಡಿದ್ದೆ, ಕೊಡೋಕೆ ಆಗ್ಲಿಲ್ಲ, ಮಾರನೇ ದಿನ ಅವ್ರೇ ಶಾಲೆಗೆ ಬಂದು ಸಹಿ ಮಾಡಿ ಹೋದ್ರು. ಇಂಥ ಹೆಸರುಗಳೆಲ್ಲ ಉಳ್ಕೊಂಡ್ರೆ ಎಲೆಕ್ಷನ್ ದಿನ ಅವೆಲ್ಲ ವೋಟ್ ಹಾಕದೇ ಇದ್ದವರ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಬೆಂಗಳೂರಿನವರ ಸೋಮಾರಿತನ ಅಂತ ಪೂರ್ತಿ ಆ ಅಂಕಿ ಮೇಲೆ ಹೇಳ್ಬೇಡಿ, ಪಟ್ಟಿ ಶುದ್ಧ ಇಲ್ದೇ ಇರೋದೂ ಅದರಲ್ಲಿದೆ. ಬಾಡಿಗೆ ಮನೆ ಬದಲಾಯಿಸಿದಾಗ ಗ್ಯಾಸು, ಆಧಾರ್, ಬ್ಯಾಂಕು ಎಲ್ಲದರಲ್ಲೂ ಅಡ್ರೆಸ್ ಬದಲಾಯಿಸ್ತಾರೆ, ವೋಟರ್ ಲಿಸ್ಟ್ ಮಾತ್ರ ಹಿಂದಿನ ವಾರ್ಡಲ್ಲೇ. ಎಲೆಕ್ಷನ್ ದಿನ ಬೂತಿಗೆ ಬಂದು ನನ್ನ ಹೆಸರಿಲ್ಲ ಅಂತ ಕೂಗಾಡ್ತಾರೆ, ನಾವು ಆಗ ಏನೂ ಮಾಡೋಕಾಗಲ್ಲ.

ಓದಿದವರ ಬಗ್ಗೆ ಒಂದು ಮಾತು ಹೇಳ್ಲೇಬೇಕು. ವಿಧಾನ ಪರಿಷತ್ತಲ್ಲಿ 75 ಸ್ಥಾನ, ಅದರಲ್ಲಿ 7 ಪದವೀಧರರ ಕ್ಷೇತ್ರ. ಡಿಗ್ರಿ ಮುಗಿದು ಮೂರು ವರ್ಷ ಆದವರಿಗೆ ಅಲ್ಲಿ ಇನ್ನೊಂದು ವೋಟಿದೆ, ಆದ್ರೆ ಮಾಮೂಲಿ ಪಟ್ಟಿಲಿ ಹೆಸರಿದ್ರೆ ಸಾಲದು, ಫಾರಂ 18ರಲ್ಲಿ ಬೇರೆ ಅರ್ಜಿ ಕೊಡ್ಬೇಕು, ಪ್ರತಿ ಚುನಾವಣೆಗೂ ಹೊಸದಾಗಿ ಕೊಡ್ಬೇಕು. ನನ್ನ ಶಿಷ್ಯರಲ್ಲಿ ಇಂಜಿನಿಯರ್‌ಗಳಿದಾರೆ, ಡಾಕ್ಟರ್‌ಗಳಿದಾರೆ, ಕೇಳಿದ್ರೆ ಹತ್ತರಲ್ಲಿ ಒಂಬತ್ತು ಜನ, ಹಾಗೊಂದು ಇದ್ಯಾ ಸಾರ್ ಅಂತಾರೆ. ಇದರಲ್ಲಿ ನನ್ನ ತಪ್ಪೂ ಇದೆ, ಮೂವತ್ತೊಂದು ವರ್ಷ ನಾನೂ ಪರಿಷತ್ತಿನ ಸದಸ್ಯರ ಸಂಖ್ಯೆ ಬಾಯಿಪಾಠ ಮಾಡಿಸ್ದೆ, ನೀವು ದೊಡ್ಡವರಾದಾಗ ಈ ಅರ್ಜಿ ಹಾಕ್ಬೇಕು ಅಂತ ಒಂದಿನವೂ ಹೇಳ್ಲಿಲ್ಲ. ಸಕಲೇಶಪುರದ ತಾಯಿ, ನಿಮ್ಮ ಮಗಳ ಟೀಚರ್ ನನಗಿಂತ ಒಳ್ಳೇ ಟೀಚರ್. ಅವ್ರಿಗೆ ನನ್ನ ನಮಸ್ಕಾರ ತಿಳಿಸಿ.

ಸಕಲೇಶಪುರದವಳು

ಎಲ್ಲರ ಉತ್ತರನೂ ಎರಡೆರಡು ಸಲ ಓದ್ದೆ. ಯಾದಗಿರಿ ತಮ್ಮ, ನೀವು ಹೇಳಿದ್ದು ನಿಜ, ಟ್ಯಾಂಕರ್ ಬರೋ ಮನೇಲಿ ಇರೋದ್ರಿಂದಲೇ ನನಗೆ ಐದು ವರ್ಷ ಗೊತ್ತಾಗ್ಲಿಲ್ಲ. ಅದನ್ನ ಯಾರೂ ನನಗೆ ಹೀಗೆ ಮುಖಕ್ಕೆ ಹೇಳಿರ್ಲಿಲ್ಲ, ಬೇಜಾರಿಲ್ಲದೇ ನಿಮಗೆ ಥ್ಯಾಂಕ್ಸ್ ಹೇಳ್ತಿದೀನಿ. ಅವ್ವ ಈಗ ಹೇಗಿದಾರೆ ಬರೀರಿ.

ಮಗಳು ಹೋಂವರ್ಕಲ್ಲಿ ಕಾರ್ಪೊರೇಟರ್ ಅನ್ನೋ ಜಾಗದಲ್ಲಿ "10-9-2020ರಿಂದ ಯಾರೂ ಇಲ್ಲ" ಅಂತ ಬರೆದ್ಲು. ಕೆಲಸದ ಬಗ್ಗೆ ಐದು ವಾಕ್ಯಕ್ಕೆ ಇಸ್ತ್ರಿ ತಾತನ್ನೇ ಕೇಳ್ಕೊಂಡು ಬಂದು ಬರೆದ್ಲು, ಅವ್ರು ಹೇಳಿದ್ದು ಐದಲ್ಲ ಎಂಟಾಯ್ತು, ಬೀದಿ ದೀಪದಿಂದ ಹಿಡಿದು ವಿಧವಾ ವೇತನದ ಅರ್ಜಿಗೆ ಯಾರ ಹತ್ರ ಹೋಗ್ಬೇಕು ಅಂತ ತೋರಿಸೋ ತನಕ. ಮಿಸ್ಸು ಅದನ್ನ ಕ್ಲಾಸಲ್ಲಿ ಓದಿಸಿದ್ರಂತೆ, 38 ಮಕ್ಕಳಲ್ಲಿ ಸರಿ ಉತ್ತರ ತಂದವ್ರು ಇಬ್ರೇ.

ಮೇಷ್ಟ್ರೇ, ನೀವು ಹೇಳಿದ್ದು ಓದಿ ನಮ್ಮನೆ ಮೂರು ಜನರ ಹೆಸರು ಪಟ್ಟಿಲಿ ನೋಡಿದೆ. ನಮ್ಮ ಅತ್ತೆ ಹೆಸರು ಇನ್ನೂ ಹಾಸನದ ಮನೇಲೇ ಇದೆ, ಅವ್ರು ಇಲ್ಲಿಗೆ ಬಂದು ಆರು ವರ್ಷ ಆಯ್ತು. ನಿನ್ನೆ ಫಾರಂ 8 ಹಾಕಿದ್ವಿ. ಆಮೇಲೆ ಧೈರ್ಯ ಮಾಡಿ ಅಪಾರ್ಟ್‌ಮೆಂಟ್ ಗ್ರೂಪಲ್ಲೇ ಮತ್ತೆ ಹಾಕ್ದೆ, ಇದು ಪಾಲಿಟಿಕ್ಸ್ ಅಲ್ಲ, ಭಾನುವಾರ ಹತ್ತು ಗಂಟೆಗೆ ಕ್ಲಬ್ ಹೌಸಲ್ಲಿ ಕೂತ್ಕೋತೀನಿ, ಮತದಾರರ ಪಟ್ಟಿಲಿ ನಿಮ್ಮ ಹೆಸರು ಇದ್ಯಾ ನೋಡ್ಬೇಕಾದವ್ರು ಬನ್ನಿ, ನಮ್ಮ ಮನೆಗಳಲ್ಲಿ ಕೆಲಸ ಮಾಡೋ ಅಕ್ಕಂದಿರು, ಸೆಕ್ಯೂರಿಟಿಯವ್ರೂ ಬನ್ನಿ ಅಂತ. ಹದಿನಾಲ್ಕು ಮನೆಯವ್ರು ಬರ್ತೀವಿ ಅಂದಿದಾರೆ. ಅವತ್ತು ಪಾಲಿಟಿಕ್ಸ್ ಬೇಡ ಅಂದಿದ್ದವ್ರು ಪ್ರಿಂಟರ್ ನಮ್ಮನೆದು ತರ್ತೀನಿ ಅಂತ ಬೇರೆಯಾಗಿ ಮೆಸೇಜ್ ಮಾಡಿದ್ರು.

ಮೂರನೇ ಅಡ್ಡರಸ್ತೆ ಸಾರ್, ಒಂದು ಸಹಾಯ ಬೇಕು. ಹೊಸ ವಾರ್ಡಿನ ಗಡಿ ನಕ್ಷೆ ನಮ್ಮ ಬೀದಿ ಮಟ್ಟಕ್ಕೆ ಓದೋದು ಹೇಗೆ ಅಂತ ನನಗೆ ಅರ್ಥ ಆಗ್ತಿಲ್ಲ, ರಾಜಕಾಲುವೆಯ ಈ ಕಡೆ ಒಂದು ವಾರ್ಡು, ಆ ಕಡೆ ಒಂದು ವಾರ್ಡು ಥರ ಕಾಣ್ತಿದೆ, ನಮ್ಮ ಗೇಟು ಈ ಕಡೆ, ಇಸ್ತ್ರಿ ತಾತನ ಮನೆ ಆ ಕಡೆ. ಭಾನುವಾರದೊಳಗೆ ತಿಳಿದ್ರೆ ಇಬ್ರದ್ದೂ ನಂಬರ್ ಬರೆದು ಮರದ ಹತ್ರ ಅಂಟಿಸ್ತೀನಿ.